ಅಂಡಮಾನಿನ ರೈತ ಮತ್ತು ಏರುಮಡಿ ಬೇಸಾಯ

2004ರ ಡಿಸೆಂಬರ್ 26ರ ಭೂಕಂಪದಿಂದ ದಕ್ಷಿಣ ಅಂಡಮಾನಿನ ನೆಲ ಕುಸಿಯಿತು. ಸುನಾಮಿಯ ಉಪ್ಪುನೀರು ಗದ್ದೆಗಳಿಗೆ ನುಗ್ಗಿತು. ದ್ವೀಪಸಮೂಹದ ಶೇ. 80ಕ್ಕೂ ಹೆಚ್ಚು ಭಾಗ ಅರಣ್ಯವಾಗಿರುವುದರಿಂದ, ಕಾಡು ಕಡಿದು ಹೊಸ ಗದ್ದೆ ಮಾಡುವುದು ಸಲ್ಲದು. ಹೀಗಾಗಿ ಉಪ್ಪೇರಿದ ನೆಲವನ್ನೇ ಮರಳಿ ಸಾಗುವಳಿಗೆ ತರುವುದು ಅನಿವಾರ್ಯವಾಯಿತು.

ಶ್ರೀ ವಿಜಯಪುರಂನ (ಹಿಂದಿನ ಪೋರ್ಟ್ ಬ್ಲೇರ್) ಕೇಂದ್ರೀಯ ದ್ವೀಪ ಕೃಷಿ ಸಂಶೋಧನಾ ಸಂಸ್ಥೆಯು ಪ್ರಚುರಪಡಿಸಿದ ಅಗಲ ಏರುಮಡಿ ಮತ್ತು ಕಾಲುವೆಯ ಪದ್ಧತಿ ಇದಕ್ಕೊಂದು ಉತ್ತರ. ಗದ್ದೆಯ ಮಣ್ಣನ್ನು ಪಟ್ಟೆಪಟ್ಟೆಯಾಗಿ ತೋಡಿ ಪಕ್ಕಕ್ಕೆ ಏರಿಸಿದರೆ ಮಡಿ. ತೋಡಿದ ಜಾಗವೇ ಕಾಲುವೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಸುರಿಯುವ ಮಳೆ ಮಡಿಯ ಉಪ್ಪನ್ನು ತೊಳೆಯುತ್ತದೆ. ಎತ್ತರದಿಂದಾಗಿ ಅಂತರ್ಜಲದ ಉಪ್ಪು ಬೇರಿಗೆ ಸುಲಭವಾಗಿ ಏರದು. ಮಡಿಯ ಮೇಲೆ ತರಕಾರಿ, ಕಾಲುವೆಯಲ್ಲಿ ಭತ್ತ ಮತ್ತು ಮೀನು. ನಿಂತ ಮಳೆನೀರು ಜನವರಿಯಿಂದ ಏಪ್ರಿಲ್‌ವರೆಗಿನ ಒಣಗಾಲಕ್ಕೆ ಒದಗುತ್ತದೆ.

ತಗ್ಗಿಗೆ ಏರುಮಡಿಯಾದರೆ ಇಳಿಜಾರಿಗೆ ಮಿಶ್ರತೋಟ. ತೆಂಗು-ಅಡಿಕೆಯ ನಡುವೆ ಕಾಳುಮೆಣಸು, ಲವಂಗ, ದಾಲ್ಚಿನ್ನಿ ಬೆಳೆದಾಗ ಮಣ್ಣಿನ ಸವಕಳಿ ತಗ್ಗುತ್ತದೆ. ಗ್ಲಿರಿಸಿಡಿಯ ಗಿಡವು ಮೆಣಸಿನ ಬಳ್ಳಿಗೆ ಆಸರೆಯೂ ಹೌದು, ಹಸಿರೆಲೆ ಗೊಬ್ಬರವೂ ಹೌದು.

ಇಷ್ಟಾದರೂ ರೈತ ಹಿಂಜರಿದರೆ ಅದಕ್ಕೆ ಅಜ್ಞಾನವೇ ಕಾರಣವೆಂದು ಭಾವಿಸುವುದು ತಪ್ಪು. ಮಣ್ಣು ತೋಡಿಸಲು ಮೊದಲೇ ಹಣ ಬೇಕು. ಮನೆಯ ಅನ್ನಕ್ಕೆಂದಿದ್ದ ಭತ್ತದ ನೆಲದಲ್ಲಿ ಒಂದು ಪಾಲು ಮಡಿಗೆ ಹೋಗುತ್ತದೆ. ಲವಂಗ ಫಲ ಕೊಡಲು ವರ್ಷಗಳು ಹಿಡಿಯುತ್ತವೆ. ದೂರದ ದ್ವೀಪದಲ್ಲಿ ಹಡಗು ತಡವಾದರೆ ತರಕಾರಿ ಕೊಳೆಯುತ್ತದೆ. ಆದ್ದರಿಂದ ಅವನಿಗೆ ಬೇಕಾದುದು ಬರಿಯ ಉಪದೇಶವಲ್ಲ. ತೋಡುವ ಖರ್ಚು, ಸಸಿ, ಸಾಗಣೆ ಈ ಮೂರರಲ್ಲಿ ಸರಕಾರವೂ ಹೊಣೆ ಹೊತ್ತಾಗ ಮಾತ್ರ ಪ್ರಯೋಗಶಾಲೆಯ ವಿದ್ಯೆ ರೈತನ ರೂಢಿಯಾಗುತ್ತದೆ. ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ ಕರಾವಳಿಯ ರೈತರೆಲ್ಲರಿಗೂ ಈ ಮಾತು ಸಲ್ಲುತ್ತದೆ.