ಇಸಿಜಿ ಹೇಳುವುದೆಷ್ಟು, ಹೇಳದಿರುವುದೆಷ್ಟು

2025ರ ಮೇ ತಿಂಗಳ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳಿಂದ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದು, ಮೃತರಲ್ಲಿ ಹಲವರು ಎಳೆಯ ಪ್ರಾಯದವರೆಂದು ತಿಳಿದಾಗ, ಜಿಲ್ಲೆಯ ಜನ ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಎದೆನೋವಾಗಲಿ ಉಸಿರಾಟದ ತೊಂದರೆಯಾಗಲಿ ಇಲ್ಲದವರೂ ಒಂದು ಇಸಿಜಿ ಮಾಡಿಸಿಕೊಂಡು, ‘ನಾರ್ಮಲ್’ ಎಂಬ ಮಾತು ಕೇಳಿಕೊಂಡು ಊರಿಗೆ ಮರಳಬಯಸಿದ್ದು ಸಹಜವೇ. ಆದರೆ ಆ ಮಾತು ಯಾವುದಕ್ಕೆ ಭರವಸೆ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದು ತಿಳಿಯಬೇಕಾದರೆ ಹೃದಯಕ್ಕೆ ರಕ್ತ ಒದಗುವ ದಾರಿಯನ್ನೂ ಅದರೊಳಗೆ ವಿದ್ಯುತ್ತು ಹರಿಯುವ ದಾರಿಯನ್ನೂ ಬೇರೆಬೇರೆಯಾಗಿ ನೋಡಬೇಕಾಗುತ್ತದೆ.

ಸುಮಾರು 300 ಗ್ರಾಂ ತೂಗುವ ಈ ಸ್ನಾಯು ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ ಐದು ಲೀಟರಿನಷ್ಟು ರಕ್ತವನ್ನು ದೇಹಕ್ಕೆ ದೂಡುತ್ತದೆ; ಆದರೂ ತನ್ನ ಕೋಣೆಗಳಲ್ಲಿ ಸದಾ ತುಂಬಿರುವ ಆ ರಕ್ತದಿಂದ ತಾನು ನೇರವಾಗಿ ಪಡೆಯುವುದು ಅತ್ಯಲ್ಪ. ಒಳಮೈಯ ತೀರ ತೆಳುವಾದ ಒಂದು ಪದರಕ್ಕಷ್ಟೇ ಕೋಣೆಯ ರಕ್ತದಿಂದ ಆಮ್ಲಜನಕ ಸಿಗುತ್ತದೆ, ಉಳಿದ ದಪ್ಪ ಗೋಡೆಗೆ ಸಿಗುವುದಿಲ್ಲ. ಗೊರೂರಿನಲ್ಲಿ ಹೇಮಾವತಿ ಜಲಾಶಯ ತುಂಬಿ ನಿಂತಿದ್ದರೂ ಚನ್ನರಾಯಪಟ್ಟಣದ ಕಡೆಯ ಹೊಲಕ್ಕೆ ನೀರು ಬರುವುದು ಎಡದಂಡೆ ನಾಲೆಯ ತೂಬು ತೆರೆದಾಗಲೇ. ಹಾಗೆಯೇ ಹೃದಯದಿಂದ ಹೊರಟ ರಕ್ತ ಮಹಾಪಧಮನಿಯ ಬುಡದಲ್ಲಿ ಕವೆಯೊಡೆಯುವ ಎರಡು ಕಿರುನಾಳಗಳ ಮೂಲಕ ಮರಳಿ ಹೃದಯದ ಗೋಡೆಗೇ ಬರಬೇಕು. ಕರೋನರಿ ಧಮನಿಗಳೆಂದು ಕರೆಯುವ ಈ ನಾಲೆಗಳು ಹೆಚ್ಚೆಂದರೆ ಮೂರು ನಾಲ್ಕು ಮಿಲಿಮೀಟರ್ ಅಗಲದವು. ಸ್ನಾಯು ಬಿಗಿದಾಗ ತನ್ನೊಳಗಿನ ನಾಳಗಳನ್ನು ತಾನೇ ಅದುಮುವುದರಿಂದ, ಎಡ ಹೃತ್ಕುಕ್ಷಿಗೆ, ಅಂದರೆ ದೇಹಕ್ಕೆ ರಕ್ತ ದೂಡುವ ಕೆಳಗಿನ ಎಡಕೋಣೆಗೆ, ರಕ್ತ ಮುಖ್ಯವಾಗಿ ಒದಗುವುದು ಅದು ಸಡಿಲಗೊಳ್ಳುವ ಕ್ಷಣದಲ್ಲಿ.

ನಾಲೆಯ ಹೋಲಿಕೆ ಇನ್ನೂ ಸ್ವಲ್ಪ ದೂರ ನಡೆಯುತ್ತದೆ, ಆಮೇಲೆ ಒಂದು ಮುಖ್ಯವಾದ ಜಾಗದಲ್ಲಿ ಮುರಿಯುತ್ತದೆ. ನಾಲೆಯಲ್ಲಿ ಹೂಳು ತಳದಲ್ಲಿ ಕೂತು ವರ್ಷದಿಂದ ವರ್ಷಕ್ಕೆ ಹರಿವನ್ನು ಕಿರಿದಾಗಿಸುತ್ತದೆ. ಧಮನಿಯಲ್ಲಾದರೋ ಕೊಬ್ಬು ಶೇಖರವಾಗುವುದು ರಕ್ತ ಹರಿಯುವ ಜಾಗದಲ್ಲಲ್ಲ, ನಾಳದ ಗೋಡೆಯ ಒಳಪದರದ ಅಡಿಯಲ್ಲಿ. ಆ ಉಬ್ಬಿನ ಮೇಲಿರುವ ತೆಳುಪೊರೆ ಒಂದು ದಿನ ಬಿರಿದರೆ, ಒಳಗಿನ ಕೊಬ್ಬು ರಕ್ತಕ್ಕೆ ತಾಗಿ, ಅಲ್ಲಿ ರಕ್ತ ಹೆಪ್ಪುಗಟ್ಟಿ ಕೆಲವೇ ನಿಮಿಷಗಳಲ್ಲಿ ನಾಳ ಮುಚ್ಚಬಹುದು. ಹೀಗೆ ಬಿರಿಯುವ ಉಬ್ಬುಗಳಲ್ಲಿ ಅನೇಕವು ಅದಕ್ಕೆ ಮೊದಲು ನಾಳವನ್ನು ಅರ್ಧದಷ್ಟೂ ಮುಚ್ಚಿರುವುದಿಲ್ಲ. ರಕ್ತ ಸರಾಗವಾಗಿಯೇ ಹರಿಯುತ್ತಿರುವುದರಿಂದ ಹಿಂದಿನ ದಿನದವರೆಗೂ ಮನುಷ್ಯನಿಗೆ ಯಾವ ನೋವೂ ಇರುವುದಿಲ್ಲ, ಹಿಂದಿನ ದಿನ ತೆಗೆದ ಇಸಿಜಿಯಲ್ಲಿ ಯಾವ ದೋಷವೂ ಕಾಣಿಸುವುದಿಲ್ಲ. ಸಾಲಿನಲ್ಲಿ ನಿಂತು ‘ನಾರ್ಮಲ್’ ಪಡೆದವರು ಅರಿತಿರಬೇಕಾದ ಸಂಗತಿ ಇದು.

ಇಸಿಜಿ ಅಳೆಯುವುದು ನಾಳವನ್ನಲ್ಲ, ವಿದ್ಯುತ್ತನ್ನು. ಹೃದಯದ ಪ್ರತಿ ಬಡಿತವೂ ಬಲ ಹೃತ್ಕರ್ಣದ, ಅಂದರೆ ಮೇಲಿನ ಬಲಕೋಣೆಯ, ಗೋಡೆಯಲ್ಲಿರುವ ಒಂದು ಕೋಶಸಮೂಹದಿಂದ ಹೊರಡುತ್ತದೆ. ಮಿದುಳಿನ ಅಪ್ಪಣೆಗೆ ಕಾಯದೆ ತಾನಾಗಿಯೇ ವಿದ್ಯುತ್ ಮಿಡಿತ ಹುಟ್ಟಿಸುವ ಆ ಗಂಟನ್ನು 1907ರಲ್ಲಿ ವರ್ಣಿಸಿದವರು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಇನ್ನೂ ವೈದ್ಯವಿದ್ಯಾರ್ಥಿಯಾಗಿದ್ದ ಮಾರ್ಟಿನ್ ಫ್ಲ್ಯಾಕ್. ಫ್ಲ್ಯಾಕ್ ಅದನ್ನು ಮೊದಲು ಗುರುತಿಸಿದ್ದು ಮೋಲ್ ಎಂಬ, ನೆಲದೊಳಗೆ ಬಿಲ ತೋಡುವ ಪುಟ್ಟ ಪ್ರಾಣಿಯ ಹೃದಯದಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಸುನಾವೊ ತವಾರಾ, ಮೇಲಿನ ಕೋಣೆಗಳಿಗೂ ಕೆಳಗಿನ ಹೃತ್ಕುಕ್ಷಿಗಳಿಗೂ ನಡುವೆ ಇರುವ ಇನ್ನೊಂದು ಗಂಟನ್ನು ಪತ್ತೆಹಚ್ಚಿದ್ದರು. ಈ ಎರಡನೆಯ ಗಂಟು ಮಿಡಿತವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು ನಿಲ್ಲಿಸುವುದರಿಂದ ಮೇಲಿನ ಕೋಣೆಗಳು ರಕ್ತವನ್ನು ಪೂರ್ತಿ ಕೆಳಗಿಳಿಸಲು ಸಮಯ ಸಿಗುತ್ತದೆ. ಬಳಿಕ ಅದೇ ಮಿಡಿತ ಪರ್ಕಿಂಜೆ ಎಂಬ ವಿದ್ಯುತ್ ವಾಹಕ ತಂತುಗಳಲ್ಲಿ ಸೆಕೆಂಡಿಗೆ ಎರಡರಿಂದ ನಾಲ್ಕು ಮೀಟರ್ ವೇಗದಲ್ಲಿ ಹರಡಿ, ಎರಡೂ ಹೃತ್ಕುಕ್ಷಿಗಳು ಹೆಚ್ಚುಕಡಿಮೆ ಒಟ್ಟಿಗೇ ಬಿಗಿಯುತ್ತವೆ. ತಡೆಯಬೇಕಾದಲ್ಲಿ ತಡೆದು ಓಡಬೇಕಾದಲ್ಲಿ ಓಡುವ ಈ ಏರ್ಪಾಡು ಜೀವಶಾಸ್ತ್ರದ ಅತ್ಯಂತ ಸುಂದರ ರಚನೆಗಳಲ್ಲೊಂದು.

ಈ ವಿದ್ಯುತ್ತಿನ ಒಂದು ಅತಿಕ್ಷೀಣ ಅಂಶ ಚರ್ಮದವರೆಗೂ ಬರುತ್ತದೆ. ಲಂಡನ್ನಿನ ಅಗಸ್ಟಸ್ ವಾಲರ್ 1887ರಲ್ಲಿ ಅದನ್ನು ಮನುಷ್ಯದೇಹದ ಮೇಲೆ ಮೊದಲ ಬಾರಿಗೆ ದಾಖಲಿಸಿದರೂ, ವೈದ್ಯರಿಗೆ ಉಪಯೋಗವಾಗುವಷ್ಟು ಸ್ಪಷ್ಟವಾದ ಗೆರೆ ಬಂದದ್ದು ನೆದರ್ಲೆಂಡ್ಸಿನ ಲೈಡನ್ ನಗರದ ವಿಲ್ಲೆಮ್ ಐಂತೋವನ್ ಅವರ ಯಂತ್ರದಿಂದ. ಆ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐವರು ಬೇಕಾಗುತ್ತಿದ್ದರು, ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಯಂತ್ರವನ್ನು ರೋಗಿಯ ಬಳಿಗೆ ಒಯ್ಯಲಾಗದ ಕಾರಣ 1905ರಲ್ಲಿ ಐಂತೋವನ್, ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಮಿಡಿತವನ್ನು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡು ದಾಖಲಿಸಿದರು. 1924ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು.

ರಕ್ತದ ದಾರಿ, ವಿದ್ಯುತ್ತಿನ ದಾರಿ ಎಂದು ಎರಡಿರುವಂತೆ ಹೃದಯ ಕೆಡುವ ಬಗೆಯೂ ಎರಡು. ನಾಳ ಮುಚ್ಚಿ ಸ್ನಾಯು ಸಾಯತೊಡಗುವುದು ಹೃದಯಾಘಾತ; ವಿದ್ಯುತ್ತಿನ ಲಯ ಕೆಟ್ಟು ರಕ್ತ ದೂಡುವ ಕೆಲಸವೇ ನಿಲ್ಲುವುದು ಹೃದಯಸ್ತಂಭನ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಬಲ್ಲದು: ರಕ್ತ ಸಿಗದ ಕೋಶಗಳಿಂದ ಪೊಟ್ಯಾಸಿಯಂ ಹೊರಸೋರಿ, ಅಲ್ಲಿ ಮಿಡಿತ ನಿಧಾನಗೊಂಡು, ಸುತ್ತಲಿನ ಆರೋಗ್ಯವಂತ ಸ್ನಾಯುವಿನೊಳಗೆ ಅದೇ ಅಲೆ ಮತ್ತೆಮತ್ತೆ ಸುತ್ತತೊಡಗಿದರೆ ಹೃತ್ಕುಕ್ಷಿ ಬಡಿಯುವುದನ್ನು ಬಿಟ್ಟು ನಡುಗುತ್ತದೆ, ರಕ್ತ ಮಿದುಳಿಗೆ ತಲುಪದೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಕುಸಿದು ಬಿದ್ದವರ ಎದೆಯ ನಡುವನ್ನು ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕೆಂದು ಹೇಳುವುದು ಇದಕ್ಕಾಗಿಯೇ. ಆದರೆ ಹುಟ್ಟಿನಿಂದ ಬಂದ ವಿದ್ಯುತ್ ದೋಷದಿಂದಲೋ ಸ್ನಾಯು ಅತಿಯಾಗಿ ದಪ್ಪಗಾಗಿರುವುದರಿಂದಲೋ ನಾಳಗಳು ಶುದ್ಧವಿದ್ದರೂ ಲಯ ತಪ್ಪಬಹುದು. ಇವುಗಳಲ್ಲಿ ಕೆಲವನ್ನು ಇಸಿಜಿ ಮೊದಲೇ ತೋರಿಸಬಲ್ಲದು, ಆ ಮಟ್ಟಿಗೆ ಆರೋಗ್ಯವಂತರ ತಪಾಸಣೆಗೂ ಅರ್ಥವಿದೆ.

ಹಾಸನದ ಸಾವುಗಳನ್ನು ಪರಿಶೀಲಿಸಲು ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ನೇಮಿಸಿದ ಸಮಿತಿಯ ವರದಿ 2025ರ ಜುಲೈಯಲ್ಲಿ ಪ್ರಕಟವಾಯಿತು. ಹೃದಯಾಘಾತವೆಂದು ಎಣಿಸಲಾಗಿದ್ದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದ 20ರಲ್ಲಿ 10 ಖಚಿತವಾದವು, 10 ಸಂಭವನೀಯವಾದವು. ಮೃತರಲ್ಲಿ 14 ಮಂದಿ 45 ವರ್ಷದೊಳಗಿನವರು, ಆಟೊ ಮತ್ತು ಟ್ಯಾಕ್ಸಿ ಚಾಲಕರ ಪಾಲು ಎದ್ದುಕಾಣುವಷ್ಟಿತ್ತು. ಹಿಂದಿನ ಅವಧಿಗೆ ಹೋಲಿಸಿದರೆ ಗಮನಾರ್ಹ ಏರಿಕೆಯಿಲ್ಲವೆಂದೂ ವರದಿ ಹೇಳಿತು. ಅರ್ಧದಷ್ಟು ಪ್ರಕರಣಗಳು ‘ಸಂಭವನೀಯ’ ಎಂದೇ ಉಳಿದದ್ದು ಸಮಿತಿಯ ಕೊರತೆಯಲ್ಲ: ಸ್ತಬ್ಧವಾದ ಹೃದಯ ತನ್ನ ಲಯ ಹೇಗೆ ತಪ್ಪಿತೆಂಬ ಗುರುತನ್ನು ಉಳಿಸುವುದಿಲ್ಲ, ಹೆಪ್ಪು ಇತ್ತೇ ಎಂಬುದನ್ನು ಮರಣೋತ್ತರ ಪರೀಕ್ಷೆಯಷ್ಟೇ ತೋರಿಸಬಲ್ಲದು. ಆಸ್ಪತ್ರೆಯ ಹೊರಗೆ ಹಠಾತ್ತಾಗಿ ಸತ್ತವರ ಮರಣೋತ್ತರ ಪರೀಕ್ಷೆಗೆ ಸರ್ಕಾರ ಮುಂದಾದದ್ದು ಈ ಕಾರಣದಿಂದ ಸರಿಯಾದ ಹೆಜ್ಜೆ. ದಿನಕ್ಕೊಂದರಂತೆ ಸಂಖ್ಯೆ ಏರಿಸುತ್ತ ಹೋದ ಸುದ್ದಿಗಳು ಖಚಿತ ಮತ್ತು ಸಂಭವನೀಯ ಸಾವುಗಳ ನಡುವಿನ ವ್ಯತ್ಯಾಸವನ್ನು ಗಮನಿಸಲೇ ಇಲ್ಲ, ಭಯ ಹಬ್ಬಿದ್ದು ಆ ಎಣಿಕೆಯಿಂದ.

ಇಸಿಜಿ ನಿಜವಾಗಿ ಪ್ರಾಣ ಉಳಿಸುವುದು ನೋವಿರುವ ಹೊತ್ತಿನಲ್ಲಿ. ನಾಳ ಪೂರ್ತಿ ಮುಚ್ಚಿದಾಗ ಗೆರೆಯ ಒಂದು ಭಾಗ ಎತ್ತರಕ್ಕೇರುತ್ತದೆ. 2024ರ ಮಾರ್ಚ್‌ನಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಿಂದ ದೂರದ ಹೃದ್ರೋಗ ಕೇಂದ್ರಕ್ಕೆ ಕಳುಹಿಸಿದ ಇಸಿಜಿಯಲ್ಲಿ ಅದು ಕಂಡರೆ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ನಾಳ ಮುಚ್ಚಿದ ಅರ್ಧ ಗಂಟೆಯೊಳಗೆ ಸ್ನಾಯು ಸಾಯತೊಡಗಿ ಆರು ಗಂಟೆಯ ಹೊತ್ತಿಗೆ ನಷ್ಟ ಬಹುತೇಕ ಪೂರ್ತಿಯಾಗುವುದರಿಂದ, ಅರಕಲಗೂಡಿನವರಿಗಾಗಲಿ ಹೊಳೆನರಸೀಪುರದವರಿಗಾಗಲಿ ಎದೆ ಬಿಗಿದು ಬೆವರು ಬಂದಾಗ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಬೆಳಗಿನವರೆಗೆ ಕಾಯುವುದಕ್ಕಿಂತಲೂ, ನೇರವಾಗಿ ಮೈಸೂರಿಗೆ ಹೊರಡುವುದಕ್ಕಿಂತಲೂ ಹತ್ತಿರದ ತಾಲ್ಲೂಕು ಆಸ್ಪತ್ರೆಯೇ ಮೇಲು. ಮೊದಲ ಇಸಿಜಿ ಸರಿಯಾಗಿಯೇ ಬಂದು ನೋವು ಮಾತ್ರ ನಿಲ್ಲದಿದ್ದರೆ ಅಲ್ಲಿಯೇ ಉಳಿದು ಸ್ವಲ್ಪ ಹೊತ್ತಿನ ಬಳಿಕ ಎರಡನೆಯದನ್ನು ತೆಗೆಸಬೇಕು, ಏಕೆಂದರೆ ಗೆರೆ ಬದಲಾಗುವುದಕ್ಕೂ ಕೆಲವೊಮ್ಮೆ ಸಮಯ ಹಿಡಿಯುತ್ತದೆ.