ಕರುಳಿನಲ್ಲಿ ಪೋಷಕಾಂಶಗಳ ಹೀರಿಕೆ ಮತ್ತು ರಕ್ತಹೀನತೆಯ ತಡೆ

ಸೇವಿಸಿದ ಆಹಾರವು ಜೀರ್ಣವಾಗಿ, ಅದರ ಪೋಷಕಾಂಶಗಳು ರಕ್ತವನ್ನು ಸೇರಿದಾಗ ಮಾತ್ರ ಶರೀರಕ್ಕೆ ಪ್ರಯೋಜನವಾಗುತ್ತದೆ. ಈ ಕಾರ್ಯವು ಬಹುತೇಕ ಸಣ್ಣ ಕರುಳಿನಲ್ಲಿ ನಡೆಯುತ್ತದೆ.

ಹೀರಿಕೆಯ ವಿಧಾನ

ವಯಸ್ಕರ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದವಿರುತ್ತದೆ. ಅದರ ಒಳಗೋಡೆಯಲ್ಲಿ ವಿಲ್ಲೈ ಎಂಬ ಬೆರಳಿನಾಕಾರದ ಅಸಂಖ್ಯ ಸೂಕ್ಷ್ಮ ರಚನೆಗಳಿದ್ದು, ಹೀರಿಕೆಯ ಮೇಲ್ಮೈಯನ್ನು ಹೆಚ್ಚಿಸುತ್ತವೆ. ಸಕ್ಕರೆ ಹಾಗೂ ಅಮೈನೋ ಆಮ್ಲಗಳು ಇವುಗಳಲ್ಲಿನ ರಕ್ತನಾಳಗಳ ಮೂಲಕ ಯಕೃತ್ತನ್ನು ತಲುಪುತ್ತವೆ. ಕೊಬ್ಬಿನ ಬಹುಭಾಗವು ದುಗ್ಧರಸ ನಾಳಗಳ ಮೂಲಕ ರಕ್ತವನ್ನು ಸೇರುತ್ತದೆ. ಕಬ್ಬಿಣಾಂಶವು ಮುಖ್ಯವಾಗಿ ಸಣ್ಣ ಕರುಳಿನ ಆರಂಭದ ಭಾಗದಲ್ಲಿ ಹೀರಲ್ಪಡುತ್ತದೆ.

ಕಬ್ಬಿಣಾಂಶದ ನಷ್ಟ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ, ಕಾಫಿ ತೋಟಗಳಲ್ಲಿರುವಂತಹ ನೆರಳಿನ, ತೇವಭರಿತ ಮಣ್ಣು ಮಲದಿಂದ ಕಲುಷಿತವಾದಲ್ಲಿ ಕೊಕ್ಕೆಹುಳುವಿನ ಮರಿಗಳು ಬೆಳೆಯಲು ಅನುಕೂಲವಾಗುತ್ತದೆ. ಅವು ಬರಿಗಾಲಿನ ಚರ್ಮದ ಮೂಲಕ ದೇಹವನ್ನು ಪ್ರವೇಶಿಸಿ, ಕೊನೆಗೆ ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಆಹಾರದಿಂದ ದೊರೆತ ಕಬ್ಬಿಣಾಂಶವು ಹೀಗೆ ನಷ್ಟವಾಗಿ ರಕ್ತಹೀನತೆ ಉಂಟಾಗುತ್ತದೆ. ಗರ್ಭಿಣಿಯರು ಮತ್ತು ಮಕ್ಕಳಿಗೆ ಇದರ ಅಪಾಯ ಹೆಚ್ಚು.

ಪಾಲಿಸಬೇಕಾದ ಕ್ರಮಗಳು

1. ತೋಟಗಳಲ್ಲಿ ಪಾದರಕ್ಷೆ ಧರಿಸಬೇಕು, ಶೌಚಾಲಯವನ್ನೇ ಬಳಸಬೇಕು.
2. ಹರಿವೆ, ನುಗ್ಗೆಸೊಪ್ಪು ಹಾಗೂ ಕಾಳುಗಳೊಂದಿಗೆ ನಿಂಬೆ ಅಥವಾ ನೆಲ್ಲಿಕಾಯಿ ಸೇವಿಸಬೇಕು. ಇವುಗಳಲ್ಲಿನ ಸಿ ಜೀವಸತ್ವವು ಕಬ್ಬಿಣಾಂಶದ ಹೀರಿಕೆಗೆ ನೆರವಾಗುತ್ತದೆ.
3. ಊಟದೊಂದಿಗೆ ಅಥವಾ ಊಟವಾದ ಕೂಡಲೇ ಕಾಫಿ, ಚಹಾ ಕುಡಿದರೆ ಕಬ್ಬಿಣಾಂಶದ ಹೀರಿಕೆ ತಗ್ಗುತ್ತದೆ. ಆದ್ದರಿಂದ ಕನಿಷ್ಠ 1 ಗಂಟೆ ಅಂತರವಿರಲಿ.
4. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ನೀಡಲಾಗುತ್ತದೆ. ಮಕ್ಕಳಿಗೆ ಇದನ್ನು ತಪ್ಪದೆ ಕೊಡಿಸಬೇಕು.

ನಿರಂತರ ದಣಿವು, ಏದುಸಿರು ಅಥವಾ ಬಿಳಿಚಿದ ಮೈಬಣ್ಣ ಕಂಡುಬಂದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.