ಗಾಯಗೊಂಡ ವೃದ್ಧರಲ್ಲಿ ಜರಾದೌರ್ಬಲ್ಯದ ನಿರ್ಣಯ

ಎಂಬತ್ತು ವರ್ಷದ ಇಬ್ಬರು ವೃದ್ಧರು ಮನೆಯಲ್ಲಿ ಜಾರಿಬಿದ್ದು, ಪಕ್ಕೆಲುಬುಗಳನ್ನು ಮುರಿದುಕೊಂಡು ಆಸ್ಪತ್ರೆಗೆ ಬಂದರೆಂದು ಭಾವಿಸೋಣ. ಒಬ್ಬರು ಹಿಂದಿನ ದಿನದವರೆಗೂ ತೋಟದ ಕೆಲಸವನ್ನು ತಾವೇ ನೋಡಿಕೊಳ್ಳುತ್ತಿದ್ದವರು. ಇನ್ನೊಬ್ಬರು ಸ್ನಾನಕ್ಕೂ ಪರರ ನೆರವನ್ನು ಪಡೆಯುತ್ತಿದ್ದವರು. ಎಕ್ಸ್-ರೇ ಚಿತ್ರವು ಈ ಅಂತರವನ್ನು ತೋರಿಸಲಾರದು. ಆದರೆ ಅವರ ಚೇತರಿಕೆಯು ಬಹುಮಟ್ಟಿಗೆ ಈ ಅಂತರವನ್ನೇ ಅವಲಂಬಿಸಿರುತ್ತದೆ.

ದೇಹದ ಹಲವು ಅಂಗಗಳಲ್ಲಿ ಮೀಸಲು ಶಕ್ತಿಯು ಕುಂದಿ, ಸಣ್ಣ ಆಘಾತವನ್ನೂ ತಾಳಿಕೊಳ್ಳಲಾರದ ಸ್ಥಿತಿಯನ್ನು ಇಲ್ಲಿ ಜರಾದೌರ್ಬಲ್ಯವೆಂದು ಕರೆದಿದೆ. ಇದು ಮುಪ್ಪಿನೊಡನೆ ಹೆಚ್ಚುವುದಾದರೂ ಮುಪ್ಪಿಗೆ ಇನ್ನೊಂದು ಹೆಸರಲ್ಲ.

ಗಾಯದ ತೀವ್ರತೆಯನ್ನು ಅಂಕಗಳಿಂದ ಸೂಚಿಸುವ ಒಂದು ಕ್ರಮವು 1974ರಲ್ಲಿ ಪ್ರಕಟವಾಯಿತು. ಅತಿ ಹೆಚ್ಚು ಪೆಟ್ಟಾದ ಮೂರು ದೇಹಭಾಗಗಳ ಅಂಕಗಳನ್ನು ವರ್ಗಗೊಳಿಸಿ ಕೂಡಿಸಿದಾಗ ಮೊತ್ತವು 15ನ್ನು ಮೀರಿದರೆ ಅದನ್ನು ಸಾಮಾನ್ಯವಾಗಿ ತೀವ್ರ ಗಾಯವೆಂದು ಗಣಿಸುತ್ತಾರೆ. ಈ ಲೆಕ್ಕವು ಪೆಟ್ಟನ್ನು ಅಳೆಯುತ್ತದೆಯೇ ಹೊರತು ಪೆಟ್ಟು ತಿಂದವರ ತಾಳಿಕೆಯನ್ನಲ್ಲ.

ಆ ತಾಳಿಕೆಯನ್ನು ಅರಿಯುವುದೆಂತು? 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಅವರ ಸಹೋದ್ಯೋಗಿಗಳು ಐದು ಲಕ್ಷಣಗಳನ್ನು ಹೇಳಿದರು: ತಾನಾಗಿ ತೂಕ ಇಳಿಯುವುದು, ಬಳಲಿಕೆ, ಕೈಹಿಡಿತದ ದುರ್ಬಲತೆ, ನಿಧಾನವಾದ ನಡಿಗೆ, ಚಟುವಟಿಕೆಯ ಕೊರತೆ. ಇವುಗಳಲ್ಲಿ ಮೂರಾದರೂ ಕಂಡುಬಂದರೆ ಜರಾದೌರ್ಬಲ್ಯವುಂಟೆಂದು ನಿರ್ಣಯ. ಆದರೆ ತೊಡೆಯ ಮೂಳೆ ಮುರಿದು ಮಲಗಿರುವವರನ್ನು ನಡೆಸಿ ನೋಡಲಾದೀತೆ? ಮಣಿಕಟ್ಟು ಮುರಿದ ಕೈಯ ಹಿಡಿತವನ್ನು ಪರೀಕ್ಷಿಸಲಾದೀತೆ?

ಈ ತೊಡಕಿಗೆ ಪರಿಹಾರವು ಪ್ರಶ್ನೆಯನ್ನು ಬದಲಿಸುವುದರಲ್ಲಿದೆ. ಕೆನಡದ ಡಾಲ್‌ಹೌಸಿ ವಿಶ್ವವಿದ್ಯಾನಿಲಯದ ಕೆನೆತ್ ರಾಕ್‌ವುಡ್ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಮಾಪಕದಲ್ಲಿ ಮೊದಲು ಏಳು ಮೆಟ್ಟಿಲುಗಳಿದ್ದವು, ಈಗ ಒಂಬತ್ತಿವೆ. ಇದರಲ್ಲಿ ಪರಿಗಣಿಸತಕ್ಕದ್ದು ಹಾಸಿಗೆಯಲ್ಲಿ ಕಾಣುವ ಇಂದಿನ ಸ್ಥಿತಿಯನ್ನಲ್ಲ, ಸುಮಾರು ಎರಡು ವಾರಗಳ ಹಿಂದಿನ ಸ್ಥಿತಿಯನ್ನು. ಹಣಕಾಸನ್ನು ತಾವೇ ನೋಡಿಕೊಳ್ಳುತ್ತಿದ್ದರೆ? ಅಡುಗೆ, ಔಷಧ, ಹೊರಗಿನ ಓಡಾಟಗಳಿಗೆ ನೆರವು ಬೇಕಾಗಿತ್ತೆ? ಸ್ನಾನಕ್ಕೆ, ಉಡುಪು ತೊಡುವುದಕ್ಕೆ? ರೋಗಿಗೆ ಪ್ರಜ್ಞೆಯಿಲ್ಲದಿದ್ದರೆ ಮನೆಯವರೇ ಸಾಕ್ಷಿಗಳು.

ಇಲ್ಲಿ ಒಂದೆರಡು ಎಚ್ಚರಿಕೆಗಳು ಅವಶ್ಯ. ಅಡುಗೆಯನ್ನು ಸೊಸೆ ಮಾಡುತ್ತಿದ್ದಾಳೆಂಬುದರಿಂದ ಅತ್ತೆಗೆ ಶಕ್ತಿಯಿಲ್ಲವೆಂದಾಗದು; ಮಾಡುತ್ತಿದ್ದರೆ ಎಂಬುದಕ್ಕಿಂತ ಮಾಡಬಲ್ಲವರಾಗಿದ್ದರೆ ಎಂಬುದೇ ಮುಖ್ಯ. ಬಹುಕಾಲದಿಂದ ಸ್ಥಿರವಾಗಿರುವ ಅಂಗವೈಕಲ್ಯವನ್ನು ಈ ಮಾಪಕದಿಂದ ಅಳೆಯತಕ್ಕದ್ದಲ್ಲ.

ನಿರ್ಣಯದ ಪ್ರಯೋಜನವೇನು? ಜರಾದೌರ್ಬಲ್ಯವುಳ್ಳವರಿಗೆ ನೋವನ್ನು ಶಮನಗೊಳಿಸಿ ದೀರ್ಘವಾಗಿ ಉಸಿರಾಡುವಂತೆ ಮಾಡುವುದು, ಮತಿಭ್ರಮೆಯ ಸೂಚನೆಗಳನ್ನು ಕಾಯುವುದು, ಹಳೆಯ ಔಷಧಗಳನ್ನು ಪುನಃ ಪರಿಶೀಲಿಸುವುದು, ಆಹಾರವನ್ನು ಗಮನಿಸುವುದು, ಸಾಧ್ಯವಾದಷ್ಟು ಬೇಗ ಎಬ್ಬಿಸಿ ನಡೆಸುವುದು, ಇವೆಲ್ಲ ಮೊದಲ ದಿನದಿಂದಲೇ ಆರಂಭವಾಗಬೇಕು. ಅಂಕವೊಂದನ್ನೇ ನೋಡಿ ಚಿಕಿತ್ಸೆಯನ್ನು ನಿರಾಕರಿಸುವುದು ಮಾಪಕದ ದುರುಪಯೋಗವೇ ಸರಿ. ಹಾಗೆಯೇ, ವಯಸ್ಸೊಂದನ್ನೇ ನೋಡಿ ಕೈಬಿಡುವ ಅಭ್ಯಾಸಕ್ಕೆ ಈ ಮಾಪಕವೇ ತಕ್ಕ ಉತ್ತರವಾಗಿದೆ.